ಕೂದಲ ಶೇಖಮ್ಮನ ತಕ್ಕಡಿ

ಹೆರಿಗೆಯಾದ ಮನೆಗೆ ಊರವರೆಲ್ಲ ತೊಟ್ಟಿಲ ದಿನ ಹೋಗುತ್ತಾರೆ. ಶೇಖಮ್ಮ ನಾಲ್ಕು ತಿಂಗಳು ಬಿಟ್ಟು ಹೋಗುತ್ತಾಳೆ. ಅಂಗಳದಲ್ಲಿ ಬುಟ್ಟಿ ಇಳಿಸಿ, ಕೂಸಿನ ಹೆಸರು ಕೇಳಿ, ಒಂದು ಚರಿಗೆ ನೀರು ಕುಡಿದು, ಆಮೇಲೆ ಬಾಣಂತಿಯ ಕಡೆ ತಿರುಗುತ್ತಾಳೆ.

“ಬಾಚಿದ್ದು ಎಲ್ಲಿಟ್ಟೀಯವಾ?”

ಬಾಚಿದ್ದು ಎಂದರೆ ಬಾಚಣಿಗೆಗೆ ಬಂದ ಕೂದಲು. ಈ ಸೀಮೆಯ ಹೆಂಗಸರು ಅದನ್ನು ಕಂಡಲ್ಲಿ ಎಸೆಯುವುದಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಕಲ್ಲಿನ ಸಂದಿಯಲ್ಲಿ ತುರುಕಿಡುತ್ತಾರೆ. ಆಗಾಗ ಶೇಖಮ್ಮ ಬಂದು ಅದನ್ನು ತೂಗಿ, ತೂಕಕ್ಕೆ ತಕ್ಕಂತೆ ಪಾತ್ರೆ ಕೊಟ್ಟು ಒಯ್ಯುತ್ತಾಳೆ. ಒಂದು ಹಿಡಿಗೂ ಕಡಿಮೆ ಇದ್ದರೆ ಪಿನ್ನು, ರಬ್ಬರ್ ಬ್ಯಾಂಡು. ಹೆಚ್ಚಿದ್ದರೆ ಸ್ಟೀಲ್ ಡಬ್ಬಿ, ಪ್ಲಾಸ್ಟಿಕ್ ಬುಟ್ಟಿ. ಕೂದಲು ಶಹಾಪುರದ ಒಬ್ಬ ವ್ಯಾಪಾರಿಯ ಗೋದಾಮಿಗೆ ಹೋಗುತ್ತದೆ, ಅಲ್ಲಿಂದ ಕೊಪ್ಪಳದ ಕಡೆಗೆ. ಅದರಾಚೆ ಅದು ಯಾರ ತಲೆ ಸೇರುತ್ತದೆ ಎಂದು ಶೇಖಮ್ಮ ಕೇಳಿದ್ದಿಲ್ಲ.

ಅವಳಿಗೆ ಮೂವತ್ತೊಂದು ವರ್ಷ. ಮನೆ ಶಹಾಪುರದಲ್ಲಿ. ಗಂಡ ಅಮಾತೆಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲ. ಸೋಮವಾರ ಸುರಪುರದ ಕಡೆಯ ಊರುಗಳು, ಬುಧವಾರ ಯಾದಗಿರಿ ದಾಟಿ ರಾಮಸಮುದ್ರ, ಉಳಿದ ದಿನ ಹತ್ತಿರದ ಹಳ್ಳಿಗಳು. ಹನ್ನೊಂದು ವರ್ಷದಿಂದ ಇದೇ ಸುತ್ತು. ಯಾವ ಊರಲ್ಲಿ ಯಾರ ಸೊಸೆ ಯಾವ ತಿಂಗಳು ಹಡೆದಳು ಎಂಬುದು ಆಶಾ ಕಾರ್ಯಕರ್ತೆಯ ರಿಜಿಸ್ಟರಿನಲ್ಲಿ ಇರುವಷ್ಟೇ ಸರಿಯಾಗಿ ಅವಳ ತಲೆಯಲ್ಲೂ ಇರುತ್ತದೆ. ಕಾರಣ ಬೇರೆ, ಅಷ್ಟೆ.

ಬಾಣಂತಿಯರು ಕೂದಲು ಕಂಡು ಹೆದರುತ್ತಾರೆ. ಕೂಸು ತಾಯಿಯ ಗುರುತು ಹಿಡಿದು ನಗತೊಡಗಿದರೆ ತಾಯಿಯ ಕೂದಲು ಉದುರುತ್ತದೆ ಎಂದು ಅತ್ತೆಯಂದಿರು ಹೇಳುತ್ತಾರೆ. ಶೇಖಮ್ಮನ ಪ್ರಕಾರ ಕೂಸು ನಕ್ಕರೂ ಉದುರುತ್ತದೆ, ಅತ್ತರೂ ಉದುರುತ್ತದೆ.

“ಹಡದು ಮೂರು ತಿಂಗಳು ಗಟ್ಟಿ ಇರ್ತಾವ. ನಾಕಕ್ಕ ಶುರು. ಏಳಕ್ಕ ನಿಲ್ತಾವ. ಬೋಳಿ ಆದಾಕಿನ ನಾ ಇನ್ನಾ ನೋಡಿಲ್ಲ,” ಎಂದು ಅವಳು ಧೈರ್ಯ ಹೇಳುತ್ತಾಳೆ. ಏಳನೆಯ ತಿಂಗಳು ಅವಳು ಹೋದಾಗ ಕೂದಲು ಉದುರುವುದು ನಿಂತಿರುತ್ತದೆ. ಹೀಗಾಗಿ ಈ ವಿಷಯದಲ್ಲಿ ಶೇಖಮ್ಮನ ಮಾತಿಗೆ ಊರುಗಳಲ್ಲಿ ಬೆಲೆ ಇತ್ತು. ಅವಳಿಗೂ ಅದರ ಮೇಲೆ ಭರೋಸಾ ಇತ್ತು. ತೊಂದರೆ ಬಂದದ್ದು ಅಲ್ಲಿಂದಲೇ.

ಶೇಖಮ್ಮನ ಮೂರನೆಯ ಕೂಸು ದೀಪಾವಳಿ ಕಳೆದ ವಾರ ಹುಟ್ಟಿತು. ಗಂಡು. ಅದರ ಜತೆಗೇ ಮಕ್ಕಳಾಗದ ಆಪರೇಷನ್ನೂ ಆಯಿತು. ಐದು ತಿಂಗಳು ಹೊಸ್ತಿಲು ದಾಟಬಾರದು ಎಂದು ಅತ್ತೆ ಮುದುಕಮ್ಮ ಹೇಳಿದಳು. ಶೇಖಮ್ಮ ಮೂರು ತಿಂಗಳು ಮುಗಿದ ಮಾರನೆಯ ದಿನ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಸ್ಸು ಹತ್ತಿದಳು. ಅವಳು ಹೋಗದಿದ್ದರೆ ಹಳ್ಳಿಗಳಿಗೆ ಇದೇ ವ್ಯಾಪಾರದ ನವಾಜ್ ಹೋಗುತ್ತಿದ್ದ. ಅವನ ಹತ್ತಿರ ಬೈಕು ಇತ್ತು.

ಮಾರ್ಚಿನಲ್ಲಿ ಅವಳ ಕೂದಲು ಉದುರತೊಡಗಿತು. ತಿಂಗಳು ಲೆಕ್ಕ ಹಾಕಿದಳು. ನಾಲ್ಕು ತಿಂಗಳು ಮೂರು ದಿನ. ಅವಳಿಗೆ ಒಂದು ಬಗೆಯ ಸಮಾಧಾನವೇ ಆಯಿತು. ದಿನಾ ಬೆಳಿಗ್ಗೆ ಬಾಚಿ, ಬಂದದ್ದನ್ನು ಉಂಡೆ ಮಾಡಿ ತನ್ನ ಚೀಲಕ್ಕೆ ತಾನೇ ಹಾಕಿಕೊಂಡಳು. ಅದಕ್ಕೆ ಪಾತ್ರೆ ಕೊಡುವವರು ಯಾರೂ ಇರಲಿಲ್ಲ.

ಕೈ ನಡುಗಲು ಶುರುವಾದದ್ದು ಅದೇ ತಿಂಗಳ ಕೊನೆಗೆ. ಮೊದಲು ಕಂಡಿದ್ದು ಬಸಿಯಲ್ಲಿ. ಚಹಾ ಬಸಿಗೆ ಬಗ್ಗಿಸಿಕೊಂಡು ಎತ್ತಿದರೆ ಅದರ ಮೇಲೆ ಸಣ್ಣ ಅಲೆ ಏಳುತ್ತಿತ್ತು. ಶೇಖಮ್ಮ ಬಸಿ ಕೆಳಗಿಟ್ಟು ಲೋಟದಲ್ಲಿ ಕುಡಿದಳು. ಕೂದಲೂ ಕೈಯೂ ಒಟ್ಟಿಗೇ ಶುರುವಾದ್ದರಿಂದ ಒಟ್ಟಿಗೇ ನಿಲ್ಲುತ್ತವೆ ಎಂದು ತೀರ್ಮಾನಿಸಿದಳು. ನೂರಾರು ಬಾಣಂತಿಯರ ಕೂದಲನ್ನು ತೂಗಿದವಳು ಅವರ ಕೈಯನ್ನು ಎಂದೂ ನೋಡಿರಲಿಲ್ಲ. ತನ್ನ ನಿಯಮ ಕೂದಲಿಗೆ ಮಾತ್ರ ಸಂಬಂಧಪಟ್ಟದ್ದು ಎಂಬುದು ಅವಳಿಗೆ ಹೊಳೆಯಲಿಲ್ಲ.

ಮನೆಯಲ್ಲಿ ಬೇರೆ ತೀರ್ಮಾನಗಳು ಇದ್ದವು.

“ಗಾಳಿ ಹೊಕ್ಕಾದ,” ಎಂದಳು ಮುದುಕಮ್ಮ. “ಹಸಿ ಮೈಲೆ ಬಸ್ಸಿನ ಕಿಟಕ್ಯಾಗ ಕುಂತ್ರ ಮತ್ತೇನ ಹೊಗತದ?”

ಗೋಡೆಯಾಚೆಯ ಹಜರಾಬೀ ಆಪರೇಷನ್ ಮೇಲೆ ಹಾಕಿದಳು. “ಅಲ್ಲೇ ಯಾವುದೋ ನರಾ ಕಡದಾರ ನೋಡು. ಹೊಟ್ಟೀದು ಕಡಿಯಾಕ ಹೋಗಿ ಕೈದು ಕಡದಾರ.”

“ಹೊಟ್ಟ್ಯಾಗ ಕೈ ನರಾ ಹ್ಯಾಂಗ ಬರ್ತದ ಆಪಾ?” ಎಂದಳು ಶೇಖಮ್ಮ.

“ನಿನಗೇನ ಗೊತ್ತು, ಎಲ್ಲಾ ಒಳಗ ಒಂದಕ್ಕೊಂದು ಕೂಡಿರ್ತಾವ.”

ಬಾಣಂತನ ಮುದುಕಮ್ಮನ ಕೈಯಲ್ಲಿ ಇದ್ದುದರಿಂದ ಚಿಕಿತ್ಸೆ ಗಾಳಿಗೆ ನಡೆಯಿತು. ಏಪ್ರಿಲ್ ತಿಂಗಳಲ್ಲಿ, ಮಧ್ಯಾಹ್ನ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ, ಶೇಖಮ್ಮ ಕಿವಿಗೆ ಹತ್ತಿ ಇಟ್ಟುಕೊಂಡು, ತಲೆಗೆ ಉಣ್ಣೆಯ ಮಫ್ಲರು ಸುತ್ತಿಕೊಂಡು, ಹೊರಸಿನ ಕೆಳಗೆ ಕೆಂಡ ಇರಿಸಿಕೊಂಡು ಅಜವಾನದ ಹೊಗೆ ಹಿಡಿದಳು. ಮೈ ಸುಡುತ್ತದೆ ಎಂದಳು. ಗಾಳಿ ಹೊರಗೆ ಬರುವಾಗ ಹಾಗೆಯೇ ಆಗುತ್ತದೆ ಎಂದು ಮುದುಕಮ್ಮ ಹೇಳಿದಳು. ಹೊಗೆ ಹಿಡಿಯದ ಹೊತ್ತಿನಲ್ಲೂ ಮೈ ಸುಡುತ್ತಿತ್ತು. ಅದನ್ನು ಶೇಖಮ್ಮ ಹೇಳಲಿಲ್ಲ. ಹೇಳಿದರೆ ಇನ್ನೊಂದು ಸಲ ಕೆಂಡ ಬರುತ್ತಿತ್ತು.

ಹಸಿವು ಜೋರಾಗಿತ್ತು. ಎರಡು ರೊಟ್ಟಿ ಉಣ್ಣುವವಳು ಐದು ಉಣ್ಣುತ್ತಿದ್ದಳು, ಆಮೇಲೆ ಶೇಂಗಾ ಹುಡುಕುತ್ತಿದ್ದಳು. ಆದರೂ ಬಳೆಗಳು ಮೊಣಕೈ ತನಕ ಜಾರತೊಡಗಿದವು.

“ನಾ ಬಡಿಯೋ ರೊಟ್ಟಿ ಯಾರು ತಿನ್ನಾಕತ್ತಾರ?” ಎಂದು ಮುದುಕಮ್ಮ ಮಗನನ್ನು ಕೇಳಿದಳು. ಅಮಾತೆಪ್ಪ ತಾನಲ್ಲ ಎಂದ.

ಶೇಖಮ್ಮನ ಚಿಂತೆ ರೊಟ್ಟಿಯದಲ್ಲ. ಕೂದಲನ್ನು ತೂಗುವುದು ಕೈ ತಕ್ಕಡಿಯಲ್ಲಿ. ಎರಡು ಸಣ್ಣ ತಟ್ಟೆ, ನಡುವೆ ಮುಳ್ಳು, ಮೇಲೆ ಹಿಡಿಯಲು ದಾರ. ಒಂದು ತಟ್ಟೆಯಲ್ಲಿ ತೂಕದ ಹಿತ್ತಾಳೆ ಕಲ್ಲು, ಇನ್ನೊಂದರಲ್ಲಿ ಕೂದಲು. ಜೋಳ ತೂಗುವಾಗ ಕೈ ನಡುಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಕೂದಲಿಗೆ ಭಾರವಿಲ್ಲ. ಕೈ ಸ್ವಲ್ಪ ಅದುರಿದರೆ ಮುಳ್ಳು ಅತ್ತಿತ್ತ ಓಡಾಡುತ್ತದೆ, ತಟ್ಟೆಗಳು ಏರಿಳಿಯುತ್ತವೆ, ನೋಡುವವರಿಗೆ ತೂಕ ಮಾಡುವವಳು ಏನೋ ಆಟ ಹೂಡಿದಂತೆ ಕಾಣುತ್ತದೆ. ಹನ್ನೊಂದು ವರ್ಷ ಅವಳು ಹಳ್ಳಿಗಳಲ್ಲಿ ಸಂಪಾದಿಸಿದ್ದು ಒಂದೇ ಮಾತು: ಶೇಖವ್ವನ ತಕ್ಕಡಿ ಖರೇ ಅದ. ಆ ಮಾತು ಹೋದರೆ ಬುಟ್ಟಿಯಲ್ಲಿ ಎಂಥ ಪಾತ್ರೆ ಇದ್ದರೂ ಯಾರೂ ಸಂದಿಯಿಂದ ಕೂದಲು ತೆಗೆಯುವುದಿಲ್ಲ.

ರಾಮಸಮುದ್ರದಲ್ಲಿ ಅವಳು ಕೂರುತ್ತಿದ್ದುದು ಸಾವಿತ್ರಿಬಾಯಿಯವರ ಅಂಗಳದಲ್ಲಿ. ಸಾವಿತ್ರಿಬಾಯಿ ಅಂಗನವಾಡಿ ಕೆಲಸದಿಂದ ನಿವೃತ್ತರಾದವರು. ಊರಿನ ಅರ್ಧದಷ್ಟು ಜನ ಅವರ ಕೈಯಲ್ಲಿ ಉಪ್ಪಿಟ್ಟು ತಿಂದು ಬೆಳೆದವರು, ಹೀಗಾಗಿ ಅವರು ಯಾರನ್ನು ಏನು ಬೈದರೂ ನಡೆಯುತ್ತಿತ್ತು. ಏಪ್ರಿಲ್ ನಡುವಿನ ಬುಧವಾರ ಶೇಖಮ್ಮ ಅವರ ಕೂದಲನ್ನೇ ಮೊದಲು ತೂಗಿದಳು.

“ಏನವಾ ಶೇಖವ್ವಾ, ತಕ್ಕಡಿ ಕುಣಸಾಕತ್ತೀದಿ?”

“ನಾ ಕುಣಸಾಕತ್ತಿಲ್ರಿ ಅಕ್ಕಾರ, ಅದೇ ಕುಣ್ಯಾಕತ್ತಾದ.”

“ತಕ್ಕಡಿ ತಾನೇ ಕುಣಿತದ ಅಂದ್ರ, ನಾ ಇಷ್ಟು ವರ್ಷ ಸಂತ್ಯಾಗ ಸುಮ್ನ ಜಗಳಾ ತಗದೀನಿ ಅಂದಂಗಾತು.”

ಸುತ್ತ ಕೂತ ಹೆಂಗಸರು ನಕ್ಕರು. ಶೇಖಮ್ಮನೂ ನಕ್ಕಳು. ನಕ್ಕಾಗ ಕೈ ಇನ್ನಷ್ಟು ನಡುಗಿತು.

ತಕ್ಕಡಿಯನ್ನು ಬಾಗಿಲ ಚಿಲಕಕ್ಕೆ ನೇತುಹಾಕಿ ತೂಗುತ್ತೇನೆ ಎಂದಳು. ಅದಕ್ಕೆ ಯಾರೂ ಒಪ್ಪಲಿಲ್ಲ. ಬಾಗಿಲಿಗೆ ತಕ್ಕಡಿ ಕಟ್ಟಿದರೆ ಮನೆಯನ್ನೇ ತೂಗಿ ಕೊಟ್ಟಂತೆ ಎಂಬ ನಂಬಿಕೆ ಆ ಊರಿನಲ್ಲಿ ಗಟ್ಟಿ. ಎದುರಿಗೆ ಬೇವಿನ ಗಿಡ ಇತ್ತು. ಕೊಂಬೆಗೆ ಕಟ್ಟಿ ನೋಡಿದರು. ಬಿಸಿಗಾಳಿಗೆ ಒಂದು ಉಂಡೆ ಕೂದಲು ತಟ್ಟೆಯಿಂದ ಹಾರಿ ಪಕ್ಕದ ಹಿತ್ತಲಿಗೆ ಹೋಯಿತು. ಅದು ಯಾರದೆಂದು ಸ್ವಲ್ಪ ಹೊತ್ತು ಚರ್ಚೆಯಾಯಿತು.

ಕೊನೆಗೆ ಶೇಖಮ್ಮ ಜಗಳ ಬೇಡವೆಂದು ಎಲ್ಲರಿಗೂ ತೂಕಕ್ಕಿಂತ ಒಂದು ಮಟ್ಟ ದೊಡ್ಡ ಡಬ್ಬಿ ಕೊಟ್ಟಳು. ಅದು ಅವಳು ಮಾಡಿದ ಎರಡನೆಯ ತಪ್ಪು. ಅವಳ ಬಸ್ಸು ಹೊರಡುವ ಮೊದಲೇ ರಾಮಸಮುದ್ರದಲ್ಲಿ ಒಂದು ಪ್ರಶ್ನೆ ಹುಟ್ಟಿತ್ತು: ಮೋಸ ಮಾಡದಾಕಿ ಹೆಚ್ಚಿಗೆ ಯಾಕ ಕೊಡ್ತಾಳ?

ಆ ಪ್ರಶ್ನೆ ಎರಡು ವಾರದಲ್ಲಿ ಸುತ್ತಲಿನ ನಾಲ್ಕು ಊರು ತಲುಪಿತು. ಒಂದೂರಿನಲ್ಲಿ ಹೆಂಗಸರು ಈ ಸಲ ಕೂದಲೇ ಉದುರಿಲ್ಲ ಎಂದರು. ಇನ್ನೊಂದೂರಿನಲ್ಲಿ ನವಾಜ್ ಅವಳಿಗಿಂತ ಎರಡು ದಿನ ಮೊದಲೇ ಬಂದು ಹೋಗಿದ್ದ. ಅವನ ಹತ್ತಿರ ಬ್ಯಾಟರಿ ತಕ್ಕಡಿ ಇತ್ತು, ಕೆಂಪು ಅಂಕಿ ತೋರಿಸುವಂಥದ್ದು. ಯಾದಗಿರಿ ಬಸ್ ನಿಲ್ದಾಣದಲ್ಲಿ ಅವನೇ ಎದುರಾಗಿ ಮರ್ಯಾದೆಯಿಂದ ಮಾತಾಡಿಸಿದ.

“ಯಕ್ಕಾ, ಮನ್ಯಾಗ ಆರಾಮ ಮಾಡು. ನಿನ್ನ ಊರು ನಾ ನೋಡ್ಕೋತೀನಿ.”

“ನನ್ನ ಊರು ನೀ ಯಾಕ ನೋಡ್ಕೋತೀಯಪಾ? ನಿನ್ನ ಊರೇ ನಿನ್ನ ನೋಡವಲ್ಲು.”

ಬಾಯಿಗೆ ನಡುಕ ಹತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಬೈತಲೆ ಅಗಲವಾಗಿತ್ತು. ಕೂದಲು ಕೊಳ್ಳುವ ಹೆಂಗಸಿನ ತಲೆ ಹೀಗಿರುವುದು ವ್ಯಾಪಾರಕ್ಕೆ ಒಳ್ಳೆಯದಲ್ಲ ಎಂದು ಅವಳಿಗೆ ಅನ್ನಿಸಿತು. ತಾನು ಎರಡು ತಿಂಗಳಿಂದ ಕೂಡಿಟ್ಟ ತನ್ನದೇ ಕೂದಲನ್ನು ಚೀಲದಿಂದ ಬೇರೆ ಮಾಡಿ, ಬಿಡಿಸಿ, ಕಪ್ಪು ದಾರದಿಂದ ಕಟ್ಟಿ ಒಂದು ಚವರಿ ಮಾಡಿಕೊಂಡಳು. ಅದನ್ನು ಜಡೆಗೆ ಸೇರಿಸಿ ಎರಡು ಪಿನ್ನು ಸಿಕ್ಕಿಸಿಕೊಂಡು ಮೇ ಮೊದಲ ಬುಧವಾರ ರಾಮಸಮುದ್ರಕ್ಕೆ ಹೋದಳು.

ಸಾವಿತ್ರಿಬಾಯಿಯವರ ಅಂಗಳದಲ್ಲಿ ಬುಟ್ಟಿ ಇಳಿಸಲು ಬಗ್ಗಿದಾಗ ಚವರಿ ಕಳಚಿ ಬುಟ್ಟಿಯೊಳಗೆ, ಸ್ಟೀಲ್ ತಾಟಿನ ಮೇಲೆ ಬಿತ್ತು.

ಸಾವಿತ್ರಿಬಾಯಿ ಅದನ್ನು ಎರಡು ಬೆರಳಲ್ಲಿ ಎತ್ತಿ ಬೆಳಕಿಗೆ ಹಿಡಿದರು.

“ಇದು ಯಾರದವಾ?”

“ನಂದೇರಿ.”

“ನಿಂದಾದ್ರ ತಲ್ಯಾಗ ಇರಬೇಕಲ್ಲ.”

ಹಿಂದಿನಿಂದ ಒಬ್ಬಳು ಹೇಳಿದಳು: “ಈ ಬಣ್ಣ ನಮ್ಮ ಸುಮಂಗಲಾಂದು ಇದ್ದಂಗ ಅದ. ನಮ್ಮ ಕೂದಲಾ ತೂಗಿ ಒಯ್ದು ತನ್ನ ತಲಿಗಿ ಹಾಕ್ಕೊಂಡಾಳ ನೋಡ್ರಿ.”

“ಅದಕ್ಕೇ ಹಿಂದಿನ ಸಲ ದೊಡ್ಡ ಡಬ್ಬಿ ಕೊಟ್ಟಾಳ.”

ಸುಮಂಗಲಾ ಆ ಊರಿನ ಆಶಾ ಕಾರ್ಯಕರ್ತೆ. ಮೂರನೆಯ ಮನೆ. ಸಾಕ್ಷಿಗೆ ಅವಳನ್ನು ಕರೆದರು. ಅವಳು ಬಂದು ಚವರಿಯನ್ನು ತನ್ನ ಜಡೆಯ ಪಕ್ಕ ಹಿಡಿದು ನೋಡಿ, ನನ್ನದಲ್ಲ, ನನ್ನದರಲ್ಲಿ ಬಿಳಿ ಇದೆ ಎಂದಳು. ಅಷ್ಟು ಹೇಳಿ ಹೋಗುವವಳಿದ್ದಳು. ಚವರಿ ವಾಪಸು ಕೊಡುವಾಗ ಶೇಖಮ್ಮನ ಬೆರಳುಗಳನ್ನು ಕಂಡು ನಿಂತಳು. ಅಲ್ಲೇ ಕೂತು ಅವಳ ಮಣಿಕಟ್ಟು ಹಿಡಿದು, ತನ್ನ ಕೈಗಡಿಯಾರ ನೋಡುತ್ತ ಒಂದು ನಿಮಿಷ ನಾಡಿ ಎಣಿಸಿದಳು.

“ಓಡಿ ಬಂದೀಯೇನು?”

“ಬಸ್ಸಿನ್ಯಾಗ ಬಂದೀನಿ.”

“ನಿಮಿಷಕ್ಕ ನೂರಾ ಹದಿನೆಂಟು ಬಡ್ಯಾಕತ್ತಾದ. ಕುಂತಾಕಿ ನಾಡಿ ಓಡೋ ಕುದುರಿಗತಿ ಅದ. ಹಡದು ಎಷ್ಟಾತು?”

“ಆರು ತಿಂಗಳಾಗಾಕ ಬಂತು.”

“ನಿದ್ದಿ?”

“ಬರಂಗಿಲ್ಲ. ಕೂಸಿಂದು ಅಂತ ಅನ್ಕೊಂಡೀನಿ.”

“ಬೆವರು?”

“ಈ ಬಿಸಲಾಗ ಬೆವರು ಯಾರಿಗಿಲ್ಲವಾ?”

“ಉಂಡಿದ್ದು ಮೈಗಿ ಹತ್ತತದ?”

ಶೇಖಮ್ಮ ಬಳೆ ಮೇಲೆ ಸರಿಸಿ ತೋರಿಸಿದಳು. ಸುಮಂಗಲಾ ಅವಳ ಗಂಟಲನ್ನು ಮುಟ್ಟಿ ನೋಡಿದಳು. ಅಲ್ಲೊಂದು ಗ್ರಂಥಿ ಇರುತ್ತದೆ, ಹಡೆದ ಮೇಲೆ ಕೆಲವರಿಗೆ ಅದು ಕೆಡುತ್ತದೆ ಎಂದು ತರಬೇತಿಯಲ್ಲಿ ಹೇಳಿದ್ದರು, ಅದೇ ಹೌದೋ ಅಲ್ಲವೋ ತನಗೆ ಗೊತ್ತಿಲ್ಲ, ರಕ್ತ ನೋಡಬೇಕು ಎಂದಳು.

“ಇನ್ನೊಂದು ತಿಂಗಳು ತಡಿಯವಾ,” ಎಂದಳು ಶೇಖಮ್ಮ. “ಏಳಕ್ಕ ನಿಲ್ತದ.”

“ಕೂದಲಾ ನಿನಗ ಬಿಟ್ಟೀನಿ. ಅದರಾಗ ನೀ ಡಾಕ್ಟರ್. ಕೈ ನಡಗೂದು ಯಾವ ತಿಂಗಳಿಗಿ ನಿಲ್ತದ ಅಂತ ಯಾರು ಹೇಳ್ಯಾರ ನಿನಗ?”

ಇಷ್ಟಕ್ಕೇ ಶೇಖಮ್ಮ ಆಸ್ಪತ್ರೆಗೆ ಹೋಗುತ್ತಿರಲಿಲ್ಲವೇನೋ. ಹೋಗುವಂತೆ ಮಾಡಿದ್ದು ಸಾವಿತ್ರಿಬಾಯಿ.

“ನೋಡವಾ,” ಎಂದರು ಅವರು. “ನೀ ಕಳ್ಳಿ ಅಂತ ನಾ ಅನ್ನಂಗಿಲ್ಲ. ಅಲ್ಲ ಅಂತನೂ ಅನ್ನಂಗಿಲ್ಲ. ರೋಗ ಇದ್ರ ಡಾಕ್ಟರ್ ಬರದು ಕೊಡ್ಲಿ. ಕಾಗದ ತರೂತನಕ ನನ್ನ ಅಂಗಳದಾಗ ಈ ತಕ್ಕಡಿ ಏಳಂಗಿಲ್ಲ.”

ಹೀಗೆ ಶೇಖಮ್ಮ ಯಾದಗಿರಿಯ ದವಾಖಾನೆಗೆ ಹೋದದ್ದು ಗುಣವಾಗಲಿಕ್ಕಲ್ಲ. ತಾನು ಮೋಸಗಾತಿ ಅಲ್ಲ ಎಂಬ ಸರ್ಟಿಫಿಕೇಟ್ ತರಲಿಕ್ಕೆ.

ಡಾಕ್ಟರ್ ನಡುವಯಸ್ಸಿನ ಹೆಂಗಸು. ಎರಡೂ ಕೈ ಮುಂದೆ ಚಾಚು ಎಂದರು. ಚಾಚಿದ ಬೆರಳುಗಳ ಮೇಲೆ ಒಂದು ಬಿಳಿ ಹಾಳೆ ಇಟ್ಟರು. ಹಾಳೆ ಪಟಪಟ ಅದುರಿತು. ಶೇಖಮ್ಮ ಅದನ್ನು ಬಹಳ ಹೊತ್ತು ನೋಡಿದಳು. ತಕ್ಕಡಿಗಿಂತ ಇದು ಹೆಚ್ಚು ಖರೇ ತೋರಿಸುತ್ತದೆ ಎಂದು ಅವಳಿಗೆ ಅನ್ನಿಸಿತು.

“ಕೂದಲಾ ಉದುರ್ತಾವೇನಮ್ಮ?”

“ಉದುರ್ತಾವ್ರಿ. ಅದು ಬಿಡ್ರಿ, ಅದು ನನ್ನ ಧಂದಾ, ನನಗ ಗೊತ್ತದ.”

ಡಾಕ್ಟರ್ ಪೆನ್ನು ಕೆಳಗಿಟ್ಟು ಯಾವ ಧಂದೆ ಎಂದು ಕೇಳಿದರು. ಶೇಖಮ್ಮ ಹೇಳಿದಳು. ನಾಲ್ಕಕ್ಕೆ ಶುರು, ಏಳಕ್ಕೆ ನಿಲುಗಡೆ ಎಂಬ ನಿಯಮವನ್ನೂ ಹೇಳಿದಳು. ಡಾಕ್ಟರ್ ಪೂರ್ತಿ ಕೇಳಿಸಿಕೊಂಡು, ಹೆಚ್ಚು ಕಡಿಮೆ ಸರಿಯೇ ಇದೆ, ಕೆಲವರಿಗೆ ವರ್ಷ ಹಿಡಿಯುತ್ತದೆ ಎಂದರು. ಇಲ್ಲಿ ಮಾತ್ರ ಎರಡು ಬೇರೆ ಬೇರೆ ಸಂಗತಿ ಒಂದೇ ತಿಂಗಳಲ್ಲಿ ಬಂದಿರಬಹುದು ಎಂದು ರಕ್ತ ತೆಗೆಸಿದರು.

ಶುಕ್ರವಾರ ರಿಪೋರ್ಟು ಬಂತು. ಗಂಟಲಿನ ಥೈರಾಯ್ಡ್ ಗ್ರಂಥಿ ಹೆರಿಗೆಯ ನಂತರ ಊದಿಕೊಂಡು, ತನ್ನೊಳಗಿನ ರಸವನ್ನೆಲ್ಲ ಒಮ್ಮೆಲೇ ರಕ್ತಕ್ಕೆ ಬಿಟ್ಟಿತ್ತು. ಅದಕ್ಕೇ ಎದೆ ಓಡುತ್ತಿತ್ತು, ಮೈ ಸುಡುತ್ತಿತ್ತು, ಕೈ ನಡುಗುತ್ತಿತ್ತು, ಐದು ರೊಟ್ಟಿ ಎಲ್ಲಿ ಹೋಗುತ್ತಿದ್ದವು ಎಂಬುದೂ ಗೊತ್ತಾಯಿತು. ಇದು ಗಾಳಿಯೂ ಅಲ್ಲ, ಆಪರೇಷನ್ನಿನ ತಪ್ಪೂ ಅಲ್ಲ ಎಂದರು ಡಾಕ್ಟರ್. ನಡುಕ ಇಳಿಯಲು ಮಾತ್ರೆ ಕೊಟ್ಟರು. ಕೂಸಿಗೆ ಹಾಲು ನಿಲ್ಲಿಸಬೇಡ ಎಂದರು. ಈಗ ಓಡುತ್ತಿರುವ ಗ್ರಂಥಿ ಮುಂದೆ ಸ್ವಲ್ಪ ದಿನ ಮಲಗಬಹುದು, ಆಗ ನಿದ್ದೆ, ಮೈಭಾರ, ಚಳಿ ಆಗುತ್ತದೆ, ಹೆದರದೆ ಬಂದು ರಕ್ತ ತೋರಿಸು ಎಂದರು. ಬಹುತೇಕ ಮಂದಿಗೆ ವರ್ಷದೊಳಗೆ ಸರಿಹೋಗುತ್ತದೆ. ಕೆಂಡ ಮಾತ್ರ ಇವತ್ತೇ ನಿಲ್ಲಿಸಬೇಕು.

“ಆತ್ರಿ. ಒಂದು ಕಾಗದ ಬರದು ಕೊಡ್ರಿ.”

“ಏನಂತ?”

“ಕೈ ರೋಗದಿಂದ ನಡಗ್ತದ, ಮೋಸದಿಂದ ಅಲ್ಲ ಅಂತ.”

“ಮೋಸದ್ದು ನನಗ ಗೊತ್ತಾಗಂಗಿಲ್ಲಮ್ಮ. ರೋಗದ್ದು ಬರೀತೀನಿ.”

ಇಂಗ್ಲಿಷಿನಲ್ಲಿ ಎರಡು ಸಾಲು ಬರೆದು ಸಹಿ ಮಾಡಿದರು. ಶೇಖಮ್ಮ ದವಾಖಾನೆಯ ಮೊಹರಿನ ಶಿಕ್ಕೆಯೂ ಬೇಕೆಂದಳು. ಶಿಕ್ಕೆ ಹೊಡೆದರು.

ಮುದುಕಮ್ಮ ಈ ಸುದ್ದಿಯನ್ನು ಒಪ್ಪಲೂ ಇಲ್ಲ, ಬಿಡಲೂ ಇಲ್ಲ. “ಗಂಟಲಾಗಿಂದೇ ಗಾಳಿ ಹೊಗೂದು,” ಎಂದಳು. ಆದರೆ ಹೊರಸಿನ ಕೆಳಗಿನ ಕೆಂಡ ತೆಗೆದು ಒಲೆಗೆ ಹಾಕಿದಳು.

ಮುಂದಿನ ಬುಧವಾರ ರಾಮಸಮುದ್ರದ ಅಂಗಳದಲ್ಲಿ ಕಾಗದ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಶಿಕ್ಕೆ ನೋಡಿದರು. ಸುಮಂಗಲಾ ಓದಿ ಕನ್ನಡದಲ್ಲಿ ಹೇಳಿದಳು. ಚವರಿಯ ಮಾತು ತೆಗೆದವಳು, ಹಾಗಾದರೆ ಮೊನ್ನೆ ಬಿದ್ದದ್ದು ಇವಳದೇ ಇರಬೇಕು ಎಂದಳು. ಅದನ್ನೇ ಕ್ಷಮೆ ಎಂದು ತಿಳಿಯಬೇಕಾಯಿತು.

ಸಾವಿತ್ರಿಬಾಯಿ ಕಾಗದ ಮಡಚಿ ವಾಪಸು ಕೊಟ್ಟರು.

“ಕಾಗದ ಸರಿ ಅದ. ಆದ್ರ ಕಾಗದ ತಕ್ಕಡಿ ಹಿಡಿಯಂಗಿಲ್ಲಲ್ಲವಾ. ನಿನ್ನ ಕೈ ಇನ್ನಾ ನಡಗಾಕತ್ತಾದ.”

“ಮಾತ್ರಿ ಶುರು ಮಾಡೀನ್ರಿ. ನಾಕ ದಿನ ಆತು.”

“ಹಂಗಾದ್ರ ನವಾಜನ ಮಿಷನ್ ಬರ್ಲಿ ಬಿಡ್ರಿ,” ಎಂದಳೊಬ್ಬಳು.

“ಅದು ಬ್ಯಾಡ,” ಎಂದರು ಸಾವಿತ್ರಿಬಾಯಿ. ನವಾಜ್ ಹೋದ ವಾರ ಅವರ ಅಂಗಳದ ಓರೆ ಕಲ್ಲಿನ ಮೇಲೆ ಮಿಷನ್ ಇಟ್ಟಾಗ, ಏನೂ ಹಾಕುವ ಮೊದಲೇ ಅದು ಆರು ಗ್ರಾಂ ತೋರಿಸಿತ್ತು. “ಅದಕ್ಕ ಮುಖಾ ಇಲ್ಲ, ಬಾಯಿ ಇಲ್ಲ. ಬೈದ್ರ ತಿರಗಿ ಬೈಯಂಗಿಲ್ಲ. ಕೊಡಿಲ್ಲಿ.”

ಕೈ ಚಾಚಿ ಶೇಖಮ್ಮನ ತಕ್ಕಡಿಯನ್ನು ತೆಗೆದುಕೊಂಡರು. ಗ್ರಾಹಕರು ತಕ್ಕಡಿ ಹಿಡಿಯುವುದನ್ನು ಶೇಖಮ್ಮ ಹನ್ನೊಂದು ವರ್ಷದಲ್ಲಿ ನೋಡಿರಲಿಲ್ಲ. ತಡೆಯಬೇಕೆಂದಿದ್ದವಳು ನೆರೆದವರ ಮುಖ ನೋಡಿ ಕಲ್ಲು ಇಟ್ಟಳು. ಸಾವಿತ್ರಿಬಾಯಿ ದಾರ ಎತ್ತಿದರು. ಅರವತ್ಮೂರು ವರ್ಷದ ಕೈ, ಮುಳ್ಳು ನಡುವೆ ಬಂದು ನಿಂತಿತು.

ಅವರು ತೂಗಿದ ಮೊದಲ ಕೂದಲು ತಮ್ಮದೇ. ಎರಡನೆಯದು ಎದುರು ಮನೆಯವಳದು. ಅದನ್ನು ತಟ್ಟೆಗೆ ಹಾಕುವ ಮೊದಲು ಸಾವಿತ್ರಿಬಾಯಿ ಉಂಡೆ ಬಿಡಿಸಿ, ಒಳಗಿದ್ದ ಮಣ್ಣನ್ನು ಕೊಡವಿದರು. ಒಂದು ಕಡ್ಡಿ ಹೊರಗೆ ಬಂತು.

“ಇದನ್ನೂ ತೂಗಬೇಕಿತ್ತೇನವಾ?”

“ಸಂದಿಯಾಗ ಇಟ್ಟಿದ್ದೆ ಅತ್ತೀ, ಹತ್ತಿರಬೇಕು.”

“ಪ್ರತಿ ಸಲ ಹತ್ತಿರಬೇಕು. ಶೇಖವ್ವಾ, ನೀ ಈ ಕಡ್ಡೀನೂ ತೂಗತಿದ್ದ್ಯಾ?”

ತೂಗುತ್ತಿದ್ದಳು. ಕಡ್ಡಿ, ಮಣ್ಣು, ಒಮ್ಮೊಮ್ಮೆ ಎಣ್ಣೆಯಲ್ಲಿ ನೆನೆಸಿದ ಉಂಡೆ, ಎಲ್ಲವೂ ಅವಳಿಗೆ ಗೊತ್ತಿತ್ತು. ಹೇಳಿದರೆ ಗಿರಾಕಿ ಹೋಗುತ್ತಾರೆಂದು ಸುಮ್ಮನಿರುತ್ತಿದ್ದಳು. ಆ ದಿನವೂ ಸುಮ್ಮನಿದ್ದಳು. ಸಾವಿತ್ರಿಬಾಯಿ ಸುಮ್ಮನಿರಲಿಲ್ಲ. ಅಂಗಳದಲ್ಲಿ ಒಂದು ತಾಸು ಜಗಳ ನಡೆಯಿತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಅದರಲ್ಲಿ ಶೇಖಮ್ಮನ ಪಾತ್ರ ಇರಲಿಲ್ಲ. ಅವಳು ಕೂಸಿಗೆ ಹಾಲು ಕುಡಿಸುತ್ತ ಕೂತಳು.

ಸುದ್ದಿ ಹಿಂದಿನ ಸುದ್ದಿ ಹೋದ ದಾರಿಯಲ್ಲೇ ಹೋಯಿತು. ರಾಮಸಮುದ್ರದಲ್ಲಿ ತಕ್ಕಡಿ ನಮ್ಮವರ ಕೈಯಲ್ಲೇ ಕೊಡುತ್ತಾಳಂತೆ ಎಂದು ಉಳಿದ ಊರಿನವರೂ ಕೇಳಿದರು. ಪ್ರತಿ ಊರಿನಲ್ಲಿ ಒಬ್ಬ ಗಟ್ಟಿ ಕೈಯ, ಗಟ್ಟಿ ಬಾಯಿಯ ಹಿರಿಯಳು ಇದ್ದೇ ಇದ್ದಳು. ಕೂದಲು ಉದುರಿಲ್ಲ ಎಂದಿದ್ದ ಊರಿನಲ್ಲಿ ಮತ್ತೆ ಉದುರತೊಡಗಿತು.

ಜೂನ್ ಮುಗಿಯುವ ಹೊತ್ತಿಗೆ ಶೇಖಮ್ಮನ ನಡುಕ ಇಳಿಯಿತು. ಅವಳು ತಕ್ಕಡಿಗೆ ಕೈ ಚಾಚಿದಳು.

“ಡಾಕ್ಟರ್ ಮುಂದ ಇನ್ನೊಂದು ರೋಗ ಬರ್ತದ ಅಂದಾರಲ್ಲ,” ಎಂದರು ಸಾವಿತ್ರಿಬಾಯಿ. “ಅದೂ ಬಂದು ಹೋಗ್ಲಿ ತಡಿ.”

ಅದೂ ಬಂತು. ಆಗಸ್ಟಿನಲ್ಲಿ ಅವಳಿಗೆ ಕೂತಲ್ಲಿ ನಿದ್ದೆ. ಒಂದು ಬುಧವಾರ ಬಸ್ಸಿನಲ್ಲಿ ಮಲಗಿ ರಾಮಸಮುದ್ರ ದಾಟಿ ಗುರುಮಠಕಲ್ ತನಕ ಹೋಗಿ, ಅಲ್ಲಿ ಯಾರೋ ತೆಲುಗಿನಲ್ಲಿ ಎಬ್ಬಿಸಿದ ಮೇಲೆ ವಾಪಸು ಬಂದಳು. ಬಳೆಗಳು ಮಣಿಕಟ್ಟಿಗೇ ಬಿಗಿಯಾದವು. ಡಾಕ್ಟರ್ ರಕ್ತ ನೋಡಿ ಬೇರೆ ಮಾತ್ರೆ ಕೊಟ್ಟರು, ಆಮೇಲೆ ಕಡಿಮೆ ಮಾಡಿದರು, ಫೆಬ್ರುವರಿಯಲ್ಲಿ ನಿಲ್ಲಿಸಿ ನೋಡಿ, ಎಲ್ಲ ಸರಿ ಇದೆ, ಆರು ತಿಂಗಳು ಬಿಟ್ಟು ಬಾ ಎಂದರು. ಹಣೆಯ ಮೇಲೆ ಅಷ್ಟರಲ್ಲಿ ಹೊಸ ಕೂದಲು ಎರಡು ಬೆರಳು ಉದ್ದ ಎದ್ದು ನಿಂತಿತ್ತು. ಎಣ್ಣೆ ಹಚ್ಚಿದರೂ ಮಲಗುತ್ತಿರಲಿಲ್ಲ.

ಬಾಣಂತಿಯರಿಗೆ ಅವಳು ಈ ಮೊದಲು ಹೇಳುತ್ತಿದ್ದುದನ್ನೇ ಹೇಳುತ್ತಾಳೆ. ಹೇಳಿ ಮುಗಿದ ಮೇಲೆ, “ಕೈ ಚಾಚವಾ,” ಎನ್ನುತ್ತಾಳೆ. ಬುಟ್ಟಿಯಿಂದ ಒಂದು ಹಾಳೆ ತೆಗೆದು ಅವರ ಬೆರಳ ಮೇಲೆ ಇಡುತ್ತಾಳೆ. ಹಾಳೆ ಅದುರಿದರೆ, “ಇದು ನನ್ನ ಧಂದಾ ಅಲ್ಲ, ಸುಮಂಗಲಾಗ ತೋರ್ಸು,” ಎನ್ನುತ್ತಾಳೆ. ಇಲ್ಲಿಯ ತನಕ ಒಬ್ಬಳದು ಅದುರಿದೆ. ರಕ್ತ ತೋರಿಸಿದಾಗ ಏನೂ ಇರಲಿಲ್ಲ. ಅವಳು ಬಹಳ ಚಹಾ ಕುಡಿಯುತ್ತಿದ್ದಳು.

ಮಾರ್ಚಿನ ಒಂದು ಬುಧವಾರ ಶೇಖಮ್ಮ ಸಾವಿತ್ರಿಬಾಯಿಯವರ ಅಂಗಳದಲ್ಲಿ ಎಲ್ಲರೂ ಸೇರುವ ತನಕ ಕಾದು, ತನ್ನ ಎರಡೂ ಕೈ ಚಾಚಿ, ಹಾಳೆಯನ್ನು ಅದರ ಮೇಲೆ ಇಡಲು ಸುಮಂಗಲಾಗೆ ಹೇಳಿದಳು. ಹಾಳೆ ಅಲ್ಲಾಡಲಿಲ್ಲ. ಹೆಂಗಸರು ಹತ್ತಿರ ಬಂದು ನೋಡಿದರು. ಒಬ್ಬಳು ಗಾಳಿ ಊದಿ ನೋಡಿದಳು. ಆಗಲೂ ಕೈ ಅಲ್ಲಾಡಲಿಲ್ಲ, ಹಾಳೆ ಮಾತ್ರ ಹಾರಿತು.

“ಪೂರಾ ಆರಾಮ ಆತ್ರಿ ಅಕ್ಕಾರ,” ಎಂದಳು ಶೇಖಮ್ಮ. “ತಕ್ಕಡಿ ಕೊಡ್ರಿ.”

“ಚೊಲೋ ಆತು,” ಎಂದರು ಸಾವಿತ್ರಿಬಾಯಿ. “ಖರೇ ಖುಷಿ ಆತು ನೋಡವಾ. ಕಲ್ಲು ಇಡು.”

ತಕ್ಕಡಿ ಅವರ ಕೈಯಲ್ಲೇ ಇತ್ತು. ಶೇಖಮ್ಮ ಸುತ್ತಲೂ ನೋಡಿದಳು. ಕಡ್ಡಿಯ ವಿಷಯಕ್ಕೆ ಜಗಳವಾಡಿದ್ದ ಎದುರು ಮನೆಯವಳೂ ಸೇರಿ ಎಲ್ಲರೂ ತಮ್ಮ ಉಂಡೆಗಳನ್ನು ಸಾವಿತ್ರಿಬಾಯಿಯವರ ಕಡೆಗೇ ಚಾಚಿದ್ದರು. ಶೇಖಮ್ಮನ ಕೈ ಗುಣವಾಗಿತ್ತು. ಅವರಿಗೆ ಅದರ ಅಗತ್ಯ ಇರಲಿಲ್ಲ.

ಅವಳು ಕಲ್ಲು ಇಟ್ಟಳು. ಸಾವಿತ್ರಿಬಾಯಿ ಎದುರು ಮನೆಯವಳ ಉಂಡೆ ತಟ್ಟೆಗೆ ಹಾಕಿ ದಾರ ಎತ್ತಿ, ಮುಳ್ಳು ನಿಲ್ಲುವುದನ್ನು ಕಾದು, “ಎರಡು ಗ್ರಾಂ ಕಮ್ಮಿ ಅದ,” ಎಂದರು.

“ಹ್ಯಾಂಗ ಕಮ್ಮಿ ಆಗ್ತದ್ರಿ ಅತ್ತೀ?” ಎಂದು ಎದುರು ಮನೆಯವಳು ಶುರು ಮಾಡಿದಳು.

ಶೇಖಮ್ಮ ಡಬ್ಬಿ ಆರಿಸತೊಡಗಿದಳು.